ಚಕ್ರದ ಮುಂದಿನ ನಿಂಬೆಹಣ್ಣು

ಆಯುಧಪೂಜೆಯ ಬೆಳಿಗ್ಗೆ ವಿಮಾನದ ಮೂತಿಗೆ ಚೆಂಡುಹೂವಿನ ಮಾಲೆ ಬಿದ್ದಿತ್ತು. ಕಂಪನಿಗೆ ಉಳಿದಿದ್ದ ಒಂದೇ ವಿಮಾನ ಅದು. ಅದೂ ಹನ್ನೆರಡು ವರ್ಷದ ಗುತ್ತಿಗೆಯ ಮೇಲೆ ತಂದದ್ದು.

“ಇನ್ನೂ ಏಳು ವರ್ಷದ ಕಂತು ಕಟ್ಟಬೇಕು ಸರ್,” ಎಂದಳು ಲೆಕ್ಕಪತ್ರ ವಿಭಾಗದ ಮುಖ್ಯಸ್ಥೆ. “ನಾವು ಐದು ತಿಂಗಳಿಂದ ಒಂದನ್ನೂ ಕಟ್ಟಿಲ್ಲ. ವಿಮಾನ ವಾಪಸ್ ತಗೊಂಡು ಹೋಗ್ತೀವಿ ಅಂತ ಗುತ್ತಿಗೆ ಕೊಟ್ಟೋರು ನೋಟಿಸ್ ಕೊಟ್ಟಿದ್ದಾರೆ.”

“ಹಬ್ಬದ ದಿನ ಯಾರಮ್ಮ ಬರ್ತಾರೆ?” ಮಾಲೀಕ ಬೂದುಗುಂಬಳಕಾಯಿ ಒಡೆದು ಕೈ ಒರೆಸಿಕೊಂಡ. “ಗೇಟಲ್ಲಿ ನಮ್ಮೋರನ್ನೇ ನಿಲ್ಲಿಸಿದ್ದೀನಿ. ಹೊರಗಿನೋರು ಒಬ್ಬರೂ ಒಳಗೆ ಬರೋ ಹಾಗಿಲ್ಲ.”

ಮೂರೂ ಕಡೆಯ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಾಯಿತು. ಪ್ರತಿ ವರ್ಷದಂತೆ ವಿಮಾನ ಅವನ್ನು ತುಳಿದು ನಾಲ್ಕು ಮಾರು ಮುಂದೆ ಹೋಗಿ ನಿಲ್ಲಬೇಕು. ಹಿರಿಯ ಪೈಲಟ್ ಏಣಿ ಹತ್ತುತ್ತಿದ್ದ. ಕಂಪನಿ ಶುರುವಾದ ದಿನದಿಂದ ಇದ್ದವನು. ಅವನಿಗೂ ಐದು ತಿಂಗಳ ಸಂಬಳ ಬರಬೇಕಿತ್ತು.

“ಕ್ಯಾಪ್ಟನ್, ಟ್ಯಾಂಕ್ ಪೂರ್ತಿ ತುಂಬಿಸಿದ್ದೀರಂತೆ. ನಾಲ್ಕು ಮಾರು ಹೋಗೋಕೆ ಅಷ್ಟು ಯಾಕೆ?” ಎಂದ ಮಾಲೀಕ.

“ಹಬ್ಬದ ದಿನ ಖಾಲಿ ಹೊಟ್ಟೇಲಿ ಇರಬಾರದು ಸರ್.”

ಮಾಲೀಕ ಕೈ ಮುಗಿದ. “ನಿಮ್ಮ ಕೈಯಿಂದ ದುಡ್ಡು ಹಾಕಿ ತುಂಬಿಸಿದ್ರಾ?”

“ವಿಮಾನ ಯಾರದೋ, ದುಡ್ಡೂ ಅವರದೇ ಸರ್,” ಎಂದು ಪೈಲಟ್ ಒಳಗೆ ಹೋಗಿ ಬಾಗಿಲು ಮುಚ್ಚಿಕೊಂಡ.

ಇಂಜಿನ್ ಶುರುವಾಯಿತು. ನಿಂಬೆಹಣ್ಣುಗಳು ಚಪ್ಪಟೆಯಾದವು. ಸಿಬ್ಬಂದಿ ಚಪ್ಪಾಳೆ ತಟ್ಟಿದರು. ನಾಲ್ಕು ಮಾರು ಆಯಿತು, ನಲವತ್ತು ಮಾರು ಆಯಿತು.

ಚಪ್ಪಾಳೆ ನಿಂತಿತು. ವಿಮಾನ ಹೂಮಾಲೆಯ ಸಮೇತ ರನ್‌ವೇ ಕಡೆಗೆ ತಿರುಗಿತು.