ಲೀಟರಿಗೆ ನಾಲ್ಕು ಕಿಲೋಮೀಟರ್

"ಲಿಂಗರಾಜು, ನಮ್ಮ ಗಾಡಿಗೆ ರೀಮ್ಯಾಪ್ ಮಾಡಿಸ್ತಿದೀನಿ ಕಣ್ರೀ!" ಹಿಂದಿನ ಸೀಟಿನಿಂದ ಮೇಡಂ ಹೇಳಿಯೇಬಿಟ್ಟರು. "ಲ್ಯಾಪ್‌ಟಾಪ್ ಹಾಕಿ ಎಂಜಿನ್ನಿನ ಸೆಟ್ಟಿಂಗೇ ಬದಲಾಯಿಸ್ತಾರಂತೆ. ಲೀಟರಿಗೆ ಹದಿನಾಲ್ಕು ಓಡೋ ಗಾಡಿ ಹದಿನೆಂಟು ಓಡುತ್ತಂತೆ!"

ಡ್ರೈವರ್ ಲಿಂಗರಾಜು ಕನ್ನಡಿಯಲ್ಲಿ ಮೇಡಂ ಮುಖ ನೋಡಿದ. ಗಾಡಿ ಹದಿನೆಂಟು ಓಡಲು ಶುರುವಾಗಿ ಆಗಲೇ ವರ್ಷವಾಗಿತ್ತು. ಮೇಡಂಗೆ ಹೇಳದೆ, ಕೈಯಿಂದ ದುಡ್ಡು ಹಾಕಿ ರೀಮ್ಯಾಪ್ ಮಾಡಿಸಿದ್ದವನು ಅವನೇ. ಉಳಿದ ಡೀಸೆಲ್ಲನ್ನು ಪೈಪಿನಲ್ಲಿ ಎಳೆದು, ಕ್ಯಾನಿಗೆ ತುಂಬಿ, ಭಾಮೈದನ ಗೂಡ್ಸ್ ಆಟೋಗೆ ಸುರಿಯುತ್ತಿದ್ದ. ವಾರಕ್ಕೆ ಮೂರು ಸಲ ಲಿಂಗರಾಜುವಿನ ಹೆಂಡತಿ ಡಯಾಲಿಸಿಸ್‌ಗೆ ಹೋಗಿಬರುತ್ತಿದ್ದದ್ದು ಅದೇ ಆಟೋದಲ್ಲಿ.

"ಬ್ಯಾಡಿ ಮೇಡಂ," ಎಂದ. "ಟರ್ಬೋ ಸುಟ್ಟೋಗ್ತದೆ. ನಮ್ಮ ಸ್ಟ್ಯಾಂಡಲ್ಲಿ ಒಬ್ನು ಮಾಡಿಸ್ಕೊಂಡು ಎಂಜಿನ್ನೇ ಇಳಿಸ್ದ."

"ಅಯ್ಯೋ, ಹೌದಾ?"

"ನನ್ನ ಹೆಂಡ್ತಿ ಮೇಲಾಣೆ ಮೇಡಂ. ಏನ್ ತಿಪ್ಪರಲಾಗ ಹಾಕಿದ್ರೂ ಈ ಗಾಡಿ ಹದಿನಾಲ್ಕರ ಮೇಲೆ ಓಡಲ್ಲ."

"ಹಾಗಾದ್ರೆ ಬೇಡ ಬಿಡಿ."

ಸಿಗ್ನಲ್ ಹಸಿರಾಯಿತು. ಗಾಡಿ ಒಂದೇ ಏಟಿಗೆ ಚಿಮ್ಮಿತು.

"ನಿನ್ನೆ ನೀವು ರಜೆ ಇದ್ರಲ್ಲ, ನಾನೇ ಗಾಡಿ ತಗೊಂಡು ಆ ರೀಮ್ಯಾಪ್ ಮಾಡೋ ಅಂಗಡಿಗೆ ಹೋಗಿದ್ದೆ," ಮೇಡಂ ಮೊಬೈಲಿನಿಂದ ತಲೆ ಎತ್ತದೆ ಹೇಳಿದರು. "ಆ ಲ್ಯಾಪ್‌ಟಾಪಿನವನೂ ಬೇಡ ಅಂತಲೇ ಅಂದ. ಹೋದ ವರ್ಷವೇ ನೀವು ಬಂದು ಮಾಡಿಸಿದ್ರಂತೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಮನೆ ಹತ್ರ ಬನ್ನಿ, ಹೊಸ ಡ್ರೈವರ್ ಬರ್ತಾನೆ, ಕೀ ಅವನ ಕೈಗೆ ಕೊಟ್ಬಿಡಿ."