ಅಮ್ಮನ ಬಾಟಲಿ

ಕೋಟಿನೊಳಗೆ ಬಾಟಲಿ ಅವುಚಿಕೊಂಡು ಪ್ರಯೋಗಾಲಯಕ್ಕೆ ನುಗ್ಗಿದಳು ಹಾಲಿನಾ.

"ಏನೇ ಅದು, ಸೇಬಿನ ರಸವಾ?" ಎಂದಳು ಜೊತೆಯ ಕೆಲಸದ ಲೊರೇನ್.

"ನಮ್ಮಮ್ಮನ ಉಚ್ಚೆ. ಬೇಕಾದ್ರೆ ಒಂದು ಗುಟುಕು ಕುಡಿ."

ಲೊರೇನ್ ನಗಲಿಲ್ಲ. ಮೆಲ್ಲಗೆ ಫೋನಿನ ಕಡೆ ಸರಿದಳು.

ಬೆಳಿಗ್ಗೆ ಗಂಡ ಬೊಗ್ದಾನ್ ಯಾರಿಗೋ ಫೋನಿನಲ್ಲಿ ಹೇಳಿದ್ದು ಹಾಲಿನಾಳ ಕಿವಿಗೆ ಬಿದ್ದಿತ್ತು: "ಸತ್ತವರ ಹತ್ರ ಮಾತಾಡ್ತಾಳೆ ಡಾಕ್ಟ್ರೇ. ಸೋಮವಾರ ಕರ್ಕೊಂಡು ಬರ್ತೀನಿ, ಸೇರಿಸ್ಕೊಂಡುಬಿಡಿ."

ಹೆತ್ತವಳನ್ನು ಹುಚ್ಚಾಸ್ಪತ್ರೆಗೆ ಒಪ್ಪಿಸುವುದೇ? ನಿಜ, ಅಮ್ಮ ತೀರಿಹೋದ ಅಪ್ಪನೊಡನೆ ಕೂತು ಹರಟುತ್ತಾಳೆ. ಬೀಟ್‌ರೂಟ್ ಸಾರು ಬಡಿಸಿದರೆ ಮುಟ್ಟುವುದಿಲ್ಲ. ಅವಳ ತಟ್ಟೆ ಇಟ್ಟಾಗಲೆಲ್ಲ ಬೊಗ್ದಾನ್ ಮುಖ ತಿರುಗಿಸುತ್ತಾನೆ. ಮೂಳೆ ನೋವು, ತೀರದ ದಾಹ ಎಂದು ಅಮ್ಮ ನರಳುವುದನ್ನು ಕೇಳಿ ಕೇಳಿ ಹಾಲಿನಾಳ ಮೂಳೆಗಳೂ ನೋಯತೊಡಗಿದ್ದವು.

ಕತ್ತಿನ ಗ್ರಂಥಿ ಕೆಟ್ಟರೆ ಹೀಗಾಗುತ್ತದೆ, ಬುದ್ಧಿಯೂ ಕದಡುತ್ತದೆ. ಆಗ ಮೂತ್ರದಲ್ಲಿ ಸೈಕ್ಲಿಕ್ ಎಎಂಪಿ ಎಂಬ ವಸ್ತು ಹೆಚ್ಚುತ್ತದೆ. ಮಣ್ಣಿನಲ್ಲಿ ಬದುಕುವ ಅಮೀಬಾಗಳು ಹಸಿದಾಗ ಅದರ ಸುಳಿವು ಹಿಡಿದು ಅತ್ತ ಹರಿಯುತ್ತವೆ.

ಬಾಟಲಿ ಕೇಳಿದಾಗ ಅಮ್ಮ ನಕ್ಕಿದ್ದಳು. "ನಂದು ನಿಂದು ಬೇರೇನಾ ಮಗಳೇ?"

ಹಾಲಿನಾ ಒಂದು ಗಾಜಿನ ತಟ್ಟೆಯ ಅಮೀಬಾಗಳ ಪಕ್ಕ ಅಮ್ಮನದೊಂದು ಹನಿ ಇಟ್ಟಳು, ನೀರು ಬೆರೆಸಿ ತೀರಾ ತೆಳುಮಾಡಿ. ಇಷ್ಟು ತೆಳುವಾದರೆ ಆರೋಗ್ಯವಂತರ ಹನಿಗೆ ಅವು ಕದಲುವುದಿಲ್ಲ. ಇನ್ನೊಂದು ತಟ್ಟೆಯಲ್ಲಿ, ಹೋಲಿಕೆಗೆಂದು, ಅಲ್ಲಿನ ರೂಢಿಯಂತೆ ತನ್ನದೇ ಹನಿ.

ಮಧ್ಯಾಹ್ನ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. ಕತ್ತಲಲ್ಲಿ ಯಾರೋ ಹೆಸರು ಹಿಡಿದು ಕರೆದಂತೆ ಅಮೀಬಾಗಳು ಅಮ್ಮನ ಹನಿಯತ್ತ ಹರಿದಿದ್ದವು. ಅವಳ ಕಣ್ಣು ಮಂಜಾಯಿತು.

ಮುಖ್ಯಸ್ಥ ಪ್ರೂಯಿಟ್ ಬಂದು ಎರಡೂ ತಟ್ಟೆ ನೋಡಿದ. ಹುಬ್ಬು ಗಂಟಿಕ್ಕಿದ.

"ಎರಡರಲ್ಲೂ ಒಂದೇ ಥರ ಹರಿದಿವೆಯಲ್ಲಮ್ಮ. ಒಬ್ಬರದ್ದೇ ಹಾಕಿದ್ಯಾ?"

"ಇಲ್ಲ ಡಾಕ್ಟ್ರೇ, ಕೈಯಾರೆ ಬೇರೆ ಬೇರೆ ಹಾಕಿದೀನಿ."

ಅಷ್ಟರಲ್ಲಿ ಬಾಗಿಲಲ್ಲಿ ಬೊಗ್ದಾನ್. ಕರೆಸಿದವಳು ಲೊರೇನ್. ಹಾಲಿನಾ ಓಡಿಹೋಗಿ ಅವನ ತೋಳು ಹಿಡಿದಳು.

"ಹುಚ್ಚಲ್ಲ ಕಣೋ, ಕಾಯಿಲೆ! ಆಪರೇಷನ್ ಮಾಡಿದ್ರೆ ವಾಸಿಯಾಗತ್ತೆ. ಸೋಮವಾರ ಅಮ್ಮನ್ನ ಕಳಿಸ್ಬೇಡ, ನಿನ್ನ ಕಾಲಿಗೆ ಬೀಳ್ತೀನಿ!"

ಬೊಗ್ದಾನ್ ಅವಳನ್ನು ಎದೆಗೆ ಒತ್ತಿಕೊಂಡ.

"ಕರ್ಕೊಂಡು ಹೋಗ್ಬೇಕಂತಿದ್ದದ್ದು ನಿನ್ನನ್ನ, ಹಾಲಿನಾ. ಅಮ್ಮನ್ನ ಹೋದ ಚಳಿಗಾಲ ನಾವೇ ಮಣ್ಣು ಮಾಡಿ ಬಂದ್ವಲ್ಲೇ."