ಕೀಲೆಣ್ಣೆ

ಸರಳಾ ಎಷ್ಟು ಎಳೆದರೂ ಟೆಂಪೊದ ಆಕ್ಸಿಲರೇಟರ್ ಕೇಬಲ್ಲು ಜಪ್ಪಯ್ಯ ಅನ್ನಲಿಲ್ಲ. ನಿನ್ನೆ ವಕ್ಕಲೇರಿ ತಿರುವಿನಲ್ಲಿ ಒತ್ತಿದ ಪೆಡಲ್ ಮೇಲೇಳದೆ, ಟೊಮೆಟೊ ತುಂಬಿದ ಹಳೇ ಗಾಡಿ ಕೆರೆಗೆ ನುಗ್ಗುವುದರಲ್ಲಿತ್ತು. ಇದನ್ನು ಸರಿಮಾಡದೆ ಗಾಡಿ ಎತ್ತುವುದಿಲ್ಲವೆಂದು ಅವಳು ಹಲ್ಲು ಕಚ್ಚಿ ಜಗ್ಗಿದಳು. ಬಂತು. ಅದರ ಮೈಗೆಲ್ಲ ಧೂಳು ಬೆರೆತು ಗಟ್ಟಿಯಾದ ಹರಳೆಣ್ಣೆ.

ಎತ್ತಿನ ಗಾಡಿಯ ಕಾಲದ ಎಣ್ಣೆ ಡಬ್ಬ ಹಿಡಿದು ಪಕ್ಕದಲ್ಲೇ ನಿಂತಿದ್ದರು ಮಾವ ದೊಡ್ಡನಾರಾಯಣಪ್ಪ. "ಅಮಾವಾಸ್ಯೆ ಅಮಾವಾಸ್ಯೆಗೂ ನಾನೇ ಬಿಡ್ತಿದ್ದೆ ಕಣಮ್ಮ. ಗಾಡಿ ಅಂದ್ಮೇಲೆ ಎಣ್ಣೆ ಬೇಡ್ವಾ?" ಎಂದವರು, ಸೊಸೆಯ ಮುಖ ನೋಡಿ ಡಬ್ಬವನ್ನು ಬೆನ್ನ ಹಿಂದೆ ಸರಿಸಿದರು.

ಸರಳಾ ಹೊಸ ಕೇಬಲ್ ಸಿಕ್ಕಿಸಿ ಪೆಡಲ್ ಒತ್ತಿ ಬಿಟ್ಟಳು. ಟಪ್ಪನೆ ಮೇಲೆದ್ದಿತು.

"ಮಾವ, ಈ ಕೇಬಲ್ ತಂಟೆಗೆ ಮಾತ್ರ ಬರ್ಬೇಡಿ," ಎಂದು ಇಳಿದು ಹೋಗಿ ಹಿಂದಿನ ಬಾಗಿಲನ್ನು ಕಿರ್ರೆನ್ನಿಸಿದಳು. "ಇದು ಒಂದೇ ಸಮ ಬಡ್ಕೊಳ್ತೈತೆ. ಆ ಡಬ್ಬ ಇಲ್ಲಿಗೆ ತನ್ನಿ."